ಸಿಪಾಯಿಯೂ ಮನೆಗೊಯ್ಯದ ರೈಫಲ್



ಮನೆ ಕಾಯಲು ನಾಗರಿಕರಿಗೆ ಸೈನ್ಯದ ಮಾದರಿಯ ರೈಫಲ್ ಬೇಕೇ ಎಂಬ ಪ್ರಶ್ನೆಯನ್ನು ಚರ್ಚಿಸಲು ದಂಡಿಗಿಂತ, ಅಂದರೆ ಕಂಟೋನ್ಮೆಂಟಿಗಿಂತ, ತಕ್ಕ ಜಾಗ ಬೆಂಗಳೂರಲ್ಲಿ ಇನ್ನೊಂದಿಲ್ಲ. 1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ಬ್ರಿಟಿಷರು ದಂಡು ಹೂಡಿದ ಮೇಲೆ ಇಲ್ಲಿ ಬಂದೂಕು ಕಣ್ಮರೆಯಾದದ್ದಿಲ್ಲ. ಮದ್ರಾಸ್ ಸ್ಯಾಪರ್ಸ್ ಇಂದಿಗೂ ಹಲಸೂರು ಕೆರೆಯ ಪಕ್ಕದಲ್ಲಿದ್ದಾರೆ. ಆದರೆ ಸಿಪಾಯಿ ತನ್ನ ರೈಫಲನ್ನು ಕ್ವಾರ್ಟರ್ಸಿಗೆ ಒಯ್ದು ಮಂಚದ ಕೆಳಗೆ ಇಡುವುದಿಲ್ಲ. ಅದು ಕೋತಿನಲ್ಲಿ, ಅಂದರೆ ಪಲ್ಟನ್ನಿನ ಶಸ್ತ್ರಕೋಣೆಯಲ್ಲಿ, ಬೀಗ ಮತ್ತು ಕಾವಲಿನೊಳಗೆ ಇರುತ್ತದೆ. ಲೆಕ್ಕ ಬರೆಸಿ ಪಡೆಯಬೇಕು, ಲೆಕ್ಕ ಒಪ್ಪಿಸಿ ಮರಳಿಸಬೇಕು. ಆ ಆಯುಧ ಒಬ್ಬನ ಕೈಯಲ್ಲಿದ್ದರೂ ಒಬ್ಬನ ಸ್ವತ್ತಲ್ಲ. ಆಜ್ಞೆ, ತರಬೇತಿ, ಲೆಕ್ಕ ಇವಿಷ್ಟೂ ಸೇರಿಯೇ ಅದು ಸೈನ್ಯದ ರೈಫಲ್. ಇವುಗಳನ್ನೆಲ್ಲ ಕಳಚಿ ಬರೀ ಕಬ್ಬಿಣವನ್ನು ಇಂದಿರಾನಗರದ ಬಂಗಲೆಗೋ ಶಿವಾಜಿನಗರದ ಓಣಿಗೋ ತಂದರೆ ರಕ್ಷಣೆಯೂ ಜೊತೆಗೇ ಬರುತ್ತದೆಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಸೈನಿಕನ ಆಯುಧಕ್ಕೂ ನಾಗರಿಕನ ಆಯುಧಕ್ಕೂ ನಡುವಿನ ಗೆರೆಯನ್ನು 1959ರ ಆಯುಧ ಕಾಯ್ದೆ ಮತ್ತು ಅದರಡಿಯ ನಿಯಮಗಳು ಗುಂಡಿನಲ್ಲೇ ಎಳೆದಿವೆ. ತಾನಾಗಿ ಸಿಡಿಯುತ್ತಲೇ ಇರುವ ಬಂದೂಕು ಸಾಮಾನ್ಯ ಪರವಾನಗಿಯ ವ್ಯಾಪ್ತಿಗೇ ಬರುವುದಿಲ್ಲ. ಸೈನ್ಯ ಬಳಸುತ್ತಿದ್ದ .303 ಗುಂಡು ಹಿಡಿಸುವ ರೈಫಲೂ ಅಷ್ಟೆ; .315 ರೈಫಲಿಗೆ ಪರವಾನಗಿ ಉಂಟು. ಕೇಳಲು ಕೂದಲು ಸೀಳಿದಂತಿದೆ, ಆದರೆ ಸರ್ಕಾರಿ ಮದ್ದುಗುಂಡು ಸೋರಿ ಖಾಸಗಿ ನಳಿಗೆ ಸೇರಬಾರದೆಂಬ ಲೆಕ್ಕಾಚಾರ ಇದರ ಹಿಂದಿದೆ. ಇದು ಪ್ರಜೆಗಳನ್ನು ನಿರಾಯುಧಗೊಳಿಸಿದ ವಸಾಹತು ಬುದ್ಧಿಯ ಮುಂದುವರಿಕೆ ಎನ್ನುವವರಿದ್ದಾರೆ. 1878ರ ಬ್ರಿಟಿಷ್ ಕಾಲದ ಆಯುಧ ಕಾಯ್ದೆಯ ವಿಷಯದಲ್ಲಿ ಆ ಮಾತು ನಿಜವೇ. ಅವರು ಎತ್ತಿ ತೋರಿಸುವುದು ಕೊಡಗನ್ನು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿಯಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, ಈಗಿನ ಅವಧಿ 2029ರವರೆಗೆ. ಆದರೆ ಕೈಲ್‌ಪೋಳ್ದಿನ ಹಬ್ಬದ ದಿನ ಹೂ ಮುಡಿಸಿ ಪೂಜಿಸುವ ಆ ಕೋವಿ ಒಕ್ಕದ, ಅಂದರೆ ಮನೆತನದ, ಕಣ್ಣೆದುರಿಗೇ ಇರುವಂಥದ್ದು, ಬೇಟೆಯ ಕಾಲದಿಂದ ಬಂದದ್ದು. ಕೊಡಗಿನ ಉದಾಹರಣೆ ಕೋವಿಯ ಪರವಾಗಿ ವಾದಿಸೀತು, ಯುದ್ಧದ ರೈಫಲಿನ ಪರವಾಗಿ ಅಲ್ಲ.

ಇನ್ನೂ ಗಟ್ಟಿಯಾದ ಆಕ್ಷೇಪ ನಮ್ಮ ಪೂರ್ವ ಬೆಂಗಳೂರಿನದೇ. 2020ರ ಆಗಸ್ಟ್ 11ರ ರಾತ್ರಿ ಕಾವಲ್ ಬೈರಸಂದ್ರದಲ್ಲಿ ಶಾಸಕರ ಮನೆಯ ಮೇಲೆ ಗುಂಪು ಎರಗಿತು, ಡಿ.ಜೆ. ಹಳ್ಳಿಯಲ್ಲಿ ಪೊಲೀಸ್ ಠಾಣೆಯೇ ಮುತ್ತಿಗೆಗೆ ಸಿಕ್ಕಿತು. ಠಾಣೆಗೇ ದಿಕ್ಕಿಲ್ಲದ ಹೊತ್ತಿನಲ್ಲಿ ಮನೆಯವರು ಯಾರನ್ನು ಕೂಗಬೇಕು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೇಳುವವರು ರೈಫಲನ್ನು ಸಂತ್ರಸ್ತನ ಮನೆಯಲ್ಲಿ ಮಾತ್ರ ಕಲ್ಪಿಸಿಕೊಳ್ಳುತ್ತಾರೆ. ಅಂಗಡಿಯಲ್ಲಿ ಸಿಗುವಂಥದ್ದಾದರೆ ಅದು ಗುಂಪಿನ ಕೈಯಲ್ಲೂ ಇರುತ್ತಿತ್ತು, ಎದುರು ಮಹಡಿಯಲ್ಲೂ ಇರುತ್ತಿತ್ತು. 5.56 ಮಿ.ಮೀ. ಗುಂಡು ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಹೊರಡುತ್ತದೆ. ಗುರಿ ತಪ್ಪಿದ್ದು ಮರದ ಬಾಗಿಲು, ತಗಡಿನ ಶೀಟು ದಾಟಿ ಯಾರದೋ ಅಡುಗೆಮನೆ ಸೇರುತ್ತದೆ. ಗೋಡೆಗೆ ಗೋಡೆ ಅಂಟಿಕೊಂಡ ಬೀದಿಗಳಲ್ಲಿ ಅದಕ್ಕೆ ಬಹಳ ದೂರ ಹೋಗಬೇಕಾಗಿಯೂ ಇಲ್ಲ. ಮೀಸಲು ಸೈನಿಕರು ರೈಫಲನ್ನು ಮನೆಯಲ್ಲೇ ಇಟ್ಟುಕೊಳ್ಳುವ ಸ್ವಿಟ್ಜರ್‌ಲೆಂಡ್ ಕೂಡ ಅವರ ಮನೆಗಳಲ್ಲಿದ್ದ ಮದ್ದುಗುಂಡನ್ನು ಹಿಂದಕ್ಕೆ ತರಿಸಿಕೊಳ್ಳಲು 2007ರಲ್ಲೇ ತೀರ್ಮಾನಿಸಿತು.

ಆತ್ಮರಕ್ಷಣೆಯ ಹಕ್ಕನ್ನು ಇಲ್ಲಿ ಯಾರೂ ಅಲ್ಲಗಳೆಯುತ್ತಿಲ್ಲ. ಸೂರ್ಯ ಮುಳುಗಿದ ಮೇಲೆ ಮನೆ ಮುರಿದು ನುಗ್ಗಿದವನ ವಿರುದ್ಧ ಪ್ರಾಣಹಾನಿಯವರೆಗೂ ಹೋಗಲು ಭಾರತೀಯ ನ್ಯಾಯ ಸಂಹಿತೆ ಅವಕಾಶ ಕೊಡುತ್ತದೆ, ಅಗತ್ಯ ಮೀರಬಾರದೆಂಬ ಕಟ್ಟಿನೊಂದಿಗೆ. ಹಕ್ಕು ಇದ್ದೇ ಇದೆ, ಸಿಗದಿರುವುದು ಸಮಯ. ಧಾರವಾಡದಲ್ಲಿ 2015ರ ಆಗಸ್ಟ್ 30ರ ಬೆಳಿಗ್ಗೆ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನೂ, ಬೆಂಗಳೂರಿನಲ್ಲಿ 2017ರ ಸೆಪ್ಟೆಂಬರ್ 5ರಂದು ಪತ್ರಕರ್ತೆ ಗೌರಿ ಲಂಕೇಶರನ್ನೂ ಅವರವರ ಮನೆಯ ಹೊಸಿಲ ಹತ್ತಿರವೇ ಕೊಂದರು. ಒಳಕೋಣೆಯ ಬೀರುವಿನಲ್ಲಿ ಯಾವ ರೈಫಲಿದ್ದರೂ ಆ ಕ್ಷಣಗಳಲ್ಲಿ ಕೈಗೆ ಎಟುಕುತ್ತಿರಲಿಲ್ಲ. ಎರಡೂ ಕಡೆ ಸಿಡಿದದ್ದು 7.65 ಮಿ.ಮೀ. ನಾಡ ಪಿಸ್ತೂಲು. ಯಾವ ಪರವಾನಗಿಯ ಪುಸ್ತಕದಲ್ಲೂ ಕಾಣಿಸದ ಆ ಪಿಸ್ತೂಲು ಎಲ್ಲಿ ತಯಾರಾಗಿ, ಯಾರ ಕೈ ದಾಟಿ ನಮ್ಮ ಬಾಗಿಲಿಗೆ ಬರುತ್ತದೆ ಎಂಬ ಪ್ರಶ್ನೆಯನ್ನು ಈ ಸಂಕಿರಣದ ಮೊದಲ ಗೋಷ್ಠಿಯೇ ಕೈಗೆತ್ತಿಕೊಳ್ಳಲಿ ಎಂದು ಕೋರುತ್ತೇನೆ.