ಕಡಲಡಿಯ ಕಂದರ, ಹೊಲದ ಕೊರಕಲು

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ರೈತರಿಗಾಗಿ ಸಿದ್ಧಪಡಿಸಿದ ಭಾಷಣದ ಪಾಠ)



ಕಡಲ ತಳದ ವಿಷಯ ಬಯಲುಸೀಮೆಯ ರೈತರಿಗೆ ಏಕೆ ಎಂದು ಕೇಳುವುದು ಸಹಜ. ಬಾಬಾಬುಡನ್‌ಗಿರಿಯ ನೀರಿನಿಂದ ಹುಟ್ಟಿದ ವೇದಾವತಿ ಕಡೂರು ಸೀಮೆಯಲ್ಲಿ ಹರಿಯುತ್ತದೆ. ತರೀಕೆರೆ ತಾಲ್ಲೂಕಿನಲ್ಲಿ ಭದ್ರಾ ಹೊಳೆಯಿದೆ. ಎರಡೂ ನದಿಗಳ ನೀರು ತುಂಗಭದ್ರೆಯ ಮೂಲಕ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಈ ಮೂರು ತಾಲ್ಲೂಕುಗಳ ಬಹುಭಾಗದ ಮಳೆನೀರಿಗೆ ಕೊನೆಯ ತಾಣ ಆ ಕಡಲೇ. ಅಲ್ಲಿಯೂ ನೀರು ನೆಲದ ಏರುತಗ್ಗುಗಳಿಗೆ ತಕ್ಕಂತೆ ನಡೆಯುತ್ತದೆ. ಒಂದು ಕೊರಕಲು ಹರಿವಿನ ದಾರಿಯನ್ನೇ ಹೇಗೆ ಬದಲಿಸುತ್ತದೆ ಎಂಬುದಕ್ಕೆ ಅಲ್ಲಿ ದೊಡ್ಡ ನಿದರ್ಶನವಿದೆ.

ಕಂದರವೆಂದರೇನು?

ತೀರದಿಂದ ಒಳಕ್ಕೆ ಹೋದಂತೆ ಕಡಲ ತಳ ಮೊದಲು ಮೆಲ್ಲನೆ ಇಳಿಯುತ್ತದೆ. ಸುಮಾರು 200 ಮೀಟರು ಆಳದ ಅನಂತರ ಇಳಿಜಾರು ಕಡಿದಾಗುತ್ತದೆ. ಈ ಅಂಚನ್ನು ಸೀಳಿಕೊಂಡು ಹೋದ ಆಳವಾದ ಕಣಿವೆಗಳೇ ಕಡಲಡಿಯ ಕಂದರಗಳು. ಗಂಗಾನದಿಯ ಮುಖಜ ಭೂಮಿಯ ಮುಂದೆ ಇಂತಹ ಭಾರಿ ಕಂದರವೊಂದಿದೆ. ಅದರ ಇಂಗ್ಲಿಷ್ ಹೆಸರಿನ ಅರ್ಥ 'ತಳ ಸಿಗದ ಪಟ್ಟೆ' ಎಂದು. 1950ರ ದಶಕದಲ್ಲಿ ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸಿದ ಅಮೆರಿಕದ ಸಾಗರವಿಜ್ಞಾನಿ ಯುಜೀನ್ ಲಾಫಾಂಡ್ ಪೂರ್ವ ಕರಾವಳಿಯ ಕಂದರಗಳನ್ನು ಗುರುತಿಸಿದರು. ಅವುಗಳಲ್ಲಿ ಎರಡಕ್ಕೆ ಆಂಧ್ರ, ಮಹದೇವನ್ ಎಂಬ ಹೆಸರುಗಳಿವೆ.

ಹರಿವು ತಿರುಗುವ ಬಗೆ

ಕರಾವಳಿಯ ಪ್ರವಾಹ ಸಾಮಾನ್ಯವಾಗಿ ಒಂದೇ ಆಳದ ಗೆರೆಯನ್ನು ಹಿಡಿದು, ತೀರಕ್ಕೆ ಸಮಾನಾಂತರವಾಗಿ ಸಾಗುತ್ತದೆ. ಸಮಪಾತಳಿ ಬದುವಿನ ಒಳಮಗ್ಗುಲಲ್ಲಿ ನಿಂತ ನೀರು ಬದುವಿನ ಉದ್ದಕ್ಕೂ ಹರಡುವಂತೆಯೇ ಇದು.

ಬಂಗಾಳ ಕೊಲ್ಲಿಯ ಪಶ್ಚಿಮ ಅಂಚಿನಲ್ಲಿ ಫೆಬ್ರವರಿಯಿಂದ ಮೇವರೆಗೆ ಪ್ರವಾಹ ಉತ್ತರಕ್ಕೆ ಹರಿಯುತ್ತದೆ. ಆಗ ತೀರ ಅದರ ಎಡಕ್ಕಿರುತ್ತದೆ. ಭೂಮಿ ತಿರುಗುವುದರಿಂದ ಉತ್ತರಾರ್ಧ ಗೋಳದಲ್ಲಿ ಹರಿಯುವ ನೀರು ಬಲಕ್ಕೆ ವಾಲುತ್ತದೆ. ಹೀಗಾಗಿ ತೀರಕ್ಕಿಂತ ಕಡಲ ಕಡೆಯ ನೀರಿನ ಮಟ್ಟ ಕೆಲವು ಸೆಂಟಿಮೀಟರು ಎತ್ತರವಾಗಿರುತ್ತದೆ. ಆ ಎತ್ತರದ ಒತ್ತಡ ನೀರನ್ನು ತೀರದ ಕಡೆಗೆ ನೂಕುತ್ತದೆ. ಹರಿವಿನ ಬಲವಾಲು ಅದನ್ನು ತಡೆದು ನಿಲ್ಲಿಸುತ್ತದೆ. ಎರಡೂ ಸರಿತೂಗಿ ಪ್ರವಾಹ ನೇರವಾಗಿ ಸಾಗುತ್ತದೆ.

ಕಿರಿದಾದ ಕಂದರದ ಒಳಗೆ ಈ ತೂಕ ತಪ್ಪುತ್ತದೆ. ಎರಡು ಗೋಡೆಗಳ ನಡುವೆ ನೀರು ಉತ್ತರಕ್ಕೆ ಹರಿಯಲಾರದು. ಹರಿವಿಲ್ಲದೆ ಬಲವಾಲೂ ಇಲ್ಲ. ಉಳಿಯುವುದು ಒತ್ತಡ ಮಾತ್ರ. ಅದು ಆಳದ ತಣ್ಣನೆಯ ನೀರನ್ನು ಕಂದರದ ಗುಂಟ ಮೇಲಕ್ಕೆ, ತೀರದತ್ತ ಏರಿಸುತ್ತದೆ. ಆ ನೀರಿನಲ್ಲಿ ಸಾರಜನಕ, ರಂಜಕಗಳು ಹೇರಳ. ಬಿಸಿಲು ಬೀಳುವ ಮಟ್ಟಕ್ಕೆ ಅದು ಬಂದಾಗ ಕಣ್ಣಿಗೆ ಕಾಣದ ಸಸ್ಯಗಳು ಬೆಳೆಯುತ್ತವೆ. ಮೀನಿನ ಮೇವಿಗೆ ಅವೇ ಮೂಲ. ಮಳೆಗಾಲ ಕಳೆದು ಪ್ರವಾಹ ದಕ್ಷಿಣಕ್ಕೆ ತಿರುಗಿದಾಗ ಒತ್ತಡವೂ ಹಿಮ್ಮುಖವಾಗಿ, ಕಂದರದಲ್ಲಿ ನೀರು ಕೆಳಗಿಳಿಯುತ್ತದೆ.

ಕೆಸರಿನ ಬಲ

ಕಂದರಗಳನ್ನು ಕೊರೆಯುವುದರಲ್ಲಿ ಕೆಸರುನೀರಿನ ಪಾತ್ರ ದೊಡ್ಡದು. ಕೆಸರು ಬೆರೆತ ನೀರು ತೂಕವಾಗಿ ತಳಹಿಡಿದು ಇಳಿಯುತ್ತದೆ. 1929ರ ನವೆಂಬರ್ 18ರಂದು ನ್ಯೂಫೌಂಡ್‌ಲೆಂಡ್ ಬಳಿ ಕಡಲಡಿ ಭೂಕಂಪವಾದಾಗ 12 ತಂತಿ ಕೇಬಲ್‌ಗಳು ತುಂಡಾದವು. ಹತ್ತಿರದವು ಕೂಡಲೇ, ಆಳದಲ್ಲಿದ್ದವು ಗಂಟೆಗಳ ಅಂತರದಲ್ಲಿ ಒಂದಾದ ಮೇಲೊಂದರಂತೆ ಕಡಿದವು. ಇಳಿಜಾರಿನಲ್ಲಿ ನುಗ್ಗಿದ ಕೆಸರಿನ ಹೊನಲೇ ಇದಕ್ಕೆ ಕಾರಣವೆಂದು ವಿಜ್ಞಾನಿಗಳು ಮುಂದೆ ತೋರಿಸಿದರು.

ಹೊಲಕ್ಕೆ ಪಾಠ

ಹೊಲದಲ್ಲಿ ನೀರು ಇಳಿಜಾರಿಗೆ ಮಾತ್ರ ಹರಿಯುತ್ತದೆ, ಕಡಲಿನಂತೆ ಮೇಲೇರುವುದಿಲ್ಲ. ಆದ್ದರಿಂದ ಕಡಲ ಕಂದರ ಸಾರವನ್ನು ಮೇಲೆ ತರಬಹುದು, ಹೊಲದ ಕೊರಕಲು ಎಂದಿಗೂ ತರದು. ಬದು ಒಂದು ಮಾರು ಒಡೆದರೂ ಅದರ ಹಿಂದೆ ನಿಂತ ನೀರೆಲ್ಲ ಅಲ್ಲಿಗೇ ನುಗ್ಗಿ ಮೇಲ್ಮಣ್ಣನ್ನು ಒಯ್ಯುತ್ತದೆ. ಆ ಮಣ್ಣಿನ ಬಹುಪಾಲು ಕಡಲನ್ನೂ ಸೇರದೆ ಕೆರೆ, ಜಲಾಶಯಗಳಲ್ಲಿ ಕೂರುತ್ತದೆ. ತುಂಗಭದ್ರಾ ಜಲಾಶಯದ ಸಾಮರ್ಥ್ಯ ಆರಂಭದಲ್ಲಿ 133 ಟಿ.ಎಂ.ಸಿ. ಅಡಿ, 2016ರ ಅಳತೆಯಲ್ಲಿ ಸುಮಾರು 105. ಹೂಳಿನಿಂದ ಆದ ನಷ್ಟ ಇದು.

ಆದ್ದರಿಂದ ರೈತರು ಈ ಕ್ರಮಗಳನ್ನು ಕೈಗೊಳ್ಳಬೇಕು.

1. ಮುಂಗಾರಿಗೆ ಮೊದಲೇ ಬದುಗಳನ್ನು ನೋಡಿ, ಬಿರುಕು, ಇಲಿಬಿಲಗಳನ್ನು ಮುಚ್ಚಿ ಗಟ್ಟಿಮಾಡುವುದು.

2. ಹೆಚ್ಚಿನ ನೀರು ಹೊರಹೋಗಲು ಕಲ್ಲು ಜೋಡಿಸಿದ ಕೋಡಿ ಇಡುವುದು. ಕೋಡಿಯಿಲ್ಲದ ಬದು ತಾನೇ ಒಡೆದುಕೊಳ್ಳುತ್ತದೆ.

3. ಕಡೂರಿನ ಕಡೆಯ ಕೆಂಪು ಭೂಮಿಗೆ ಸಮಪಾತಳಿ ಬದು ಸೂಕ್ತ. ಅಜ್ಜಂಪುರದ ಕಡೆಯ ಕಪ್ಪು ಭೂಮಿಯಲ್ಲಿ ನೀರು ನಿಧಾನವಾಗಿ ಇಂಗುವುದರಿಂದ ಬದುವಿಗೆ ಅಲ್ಪ ಇಳಿಜಾರು ಕೊಟ್ಟು, ಹುಲ್ಲು ಬೆಳೆದ ಕಾಲುವೆಗೆ ಸೇರಿಸುವುದು ಲೇಸು.

4. ಕೊರಕಲಿಗೆ ತಲೆಯಿಂದಲೇ ಕಲ್ಲಿನ ತಡೆಗಳನ್ನು ಹಾಕುತ್ತ ಬರುವುದು. ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡದ ಮಟ್ಟಕ್ಕಿರಬೇಕು.

5. ಇಳಿಜಾರಿಗೆ ಅಡ್ಡಲಾಗಿ ಉತ್ತು ಬಿತ್ತುವುದು. ಬದುಗಳ ಮೇಲೆ ಹುಲ್ಲು ಬೆಳೆಸುವುದು.

ಗಾಡಿಜಾಡಿನಲ್ಲಿ, ದನದ ದಾರಿಯಲ್ಲಿ ಮೊಳಕಾಲುದ್ದದ ಕೊರಕಲು ಕಂಡ ವರ್ಷವೇ ಅದನ್ನು ಕಟ್ಟಿದರೆ ಒಂದೆರಡು ದಿನದ ಕೆಲಸ. ಬಿಟ್ಟರೆ ಅದು ಹಳ್ಳವಾಗುತ್ತದೆ, ಪಕ್ಕದವರ ಹೊಲವನ್ನೂ ಸೀಳುತ್ತದೆ. ಅಕ್ಕಪಕ್ಕದ ಹಿಡುವಳಿದಾರರು ಒಟ್ಟಾಗಿ ಮೇಲಿನ ಹೊಲದಿಂದ ಈ ಕೆಲಸವನ್ನು ಆರಂಭಿಸಬೇಕು.