ಮಗುವಿನ ಮಾತು ಬಲ್ಲವರು ಮಗುವಿನ ಪಕ್ಕ ಇರಲಿ

(ಕಾಸರಗೋಡಿನ ಕನ್ನಡ ಮಾಧ್ಯಮ ಶಾಲಾ ಮಕ್ಕಳ ಹೆತ್ತವರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾವು ಡಾಕ್ಟರಲ್ಲ. ಕಾಮರ್ಸ್ ಓದಿ ಬ್ಯಾಂಕಿನ ಕೌಂಟರಿನಲ್ಲಿ ಕೂರುವವರು. ಅಲ್ಲಿ ಕೂತು ಒಂದು ವಿಷಯ ಚೆನ್ನಾಗಿ ಗೊತ್ತಾಗಿದೆ. ಫಾರ್ಮು ಯಾವ ಭಾಷೆಯಲ್ಲಿದೆಯೋ ಆ ಭಾಷೆ ಬಾರದವರು ಎಷ್ಟೇ ಬುದ್ಧಿವಂತರಾದರೂ ಕೌಂಟರಿನ ಎದುರು ದಡ್ಡರ ಹಾಗೆ ಕಾಣ್ತಾರೆ. ದೊಡ್ಡವರ ಕಥೆಯೇ ಹೀಗಾದ್ರೆ ಐದು ವರ್ಷದ ಮಗುವಿನ ಪಾಡೇನು?

ನಮ್ಮ ಮಕ್ಕಳಿಗೆ ಮನೆಯಲ್ಲಿ ತುಳುವೋ, ಹವ್ಯಕವೋ, ಕೊಂಕಣಿಯೋ, ಮರಾಠಿಯೋ, ಬ್ಯಾರಿಯೋ. ಶಾಲೆಯಲ್ಲಿ ಕನ್ನಡ. ಆಸ್ಪತ್ರೆಗೆ ಹೋದರೆ ಮಲಯಾಳ. ಹಲಸಿನಕಾಯಿಯ ಚಿತ್ರ ತೋರಿಸಿ ಹೆಸರು ಕೇಳಿದಾಗ 'ಚಕ್ಕ' ಅನ್ನದೆ 'ಪೆಲಕಾಯಿ' ಅಂದ ಮಗುವಿಗೆ ಉತ್ತರ ಗೊತ್ತಿದೆ. ಕೇಳುವವರಿಗೆ ಆ ಮಾತು ಗೊತ್ತಿಲ್ಲದಿದ್ದರೆ ಮಗುವಿನ ಮಾರ್ಕು ಕಡಿಮೆಯಾಗ್ತದೆ, ಅಷ್ಟೆ.

ಇಲ್ಲಿ ತಪ್ಪು ಎರಡು ಬಗೆಯಲ್ಲಿ ಆಗಬಹುದು. ತೊಂದರೆಯೇ ಇಲ್ಲದ ಮಗುವಿಗೆ, ಭಾಷೆ ಅರ್ಥವಾಗದ ಒಂದೇ ಕಾರಣಕ್ಕೆ, ಬುದ್ಧಿ ಕಡಿಮೆ ಅಂತ ಹಣೆಪಟ್ಟಿ ಹಚ್ಚುವುದು ಒಂದು. ನಿಜವಾಗಿ ತೊಂದರೆ ಇರುವ ಮಗುವನ್ನು 'ಕನ್ನಡದ ಮಗು ಅಲ್ವಾ, ಅದಕ್ಕೇ ಮಾತಾಡೋದಿಲ್ಲ, ಮುಂದೆ ಸರಿಯಾಗ್ತದೆ' ಅಂತ ಬಿಟ್ಟುಬಿಡುವುದು ಇನ್ನೊಂದು. ಎರಡನೆಯದು ಇನ್ನೂ ಅಪಾಯ. ಕೈತಪ್ಪಿ ಹೋದ ವರ್ಷಗಳು ತಿರುಗಿ ಬರೋದಿಲ್ಲ.

ಇವೆರಡನ್ನೂ ಬೇರೆ ಮಾಡಿ ನೋಡುವ ದಾರಿ ಇದೆ. ಮಾತಿನ ಬೆಳವಣಿಗೆಯಲ್ಲೇ ತೊಂದರೆ ಇದ್ದರೆ ಅದು ಮಗು ಆಡುವ ಎಲ್ಲ ಭಾಷೆಗಳಲ್ಲೂ ಕಾಣಿಸ್ತದೆ. ಮನೆಮಾತಿನಲ್ಲಿ ಪಟಪಟ ಮಾತಾಡುವ ಮಗು ಮಲಯಾಳದಲ್ಲಿ ಮಾತ್ರ ಸುಮ್ಮನಿದ್ದರೆ ಮೊದಲು ಭಾಷೆಯನ್ನು ಅನುಮಾನಿಸಿ. ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ಎರಡು ವರ್ಷವಾದರೂ ಮನೆಮಾತಿನಲ್ಲೇ ಎರಡು ಶಬ್ದ ಕೂಡಿಸಿ ಹೇಳದಿದ್ದರೆ ಕಾಯಬೇಡಿ, ತೋರಿಸಿ. ಎರಡು ಮೂರು ಭಾಷೆ ಕೇಳಿದ್ದರಿಂದ ಆಟಿಸಂ ಬರೋದಿಲ್ಲ. ಮನೆಮಾತು ಬಿಟ್ಟುಬಿಡಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅಜ್ಜಿಯ ಹತ್ತಿರ ಮಾತಾಡುವ ಭಾಷೆಯನ್ನು ಕಿತ್ತುಕೊಂಡರೆ ಆ ಮಗು ಇನ್ನಷ್ಟು ಒಂಟಿಯಾಗ್ತದೆ.

ಕಾಸರಗೋಡಿಗೆ ಈ ನೋವು ಹೊಸದಲ್ಲ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಾಲದ ಸಂಕಟ ಎಣ್ಮಕಜೆ, ಬೆಳ್ಳೂರಿನಂಥ ಕನ್ನಡ, ತುಳು ಮನೆಗಳಲ್ಲಿ ಇವತ್ತಿಗೂ ಇದೆ. ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳು ಇಂಥ ಮಕ್ಕಳಿಗೆ ದೊಡ್ಡ ಆಸರೆ. ಆ ತರಗತಿಗಳಲ್ಲಿ, ಬಿ.ಆರ್.ಸಿ.ಯಿಂದ ಬರುವ ವಿಶೇಷ ಶಿಕ್ಷಕರಲ್ಲಿ ಮಗುವಿನ ಮಾತು ಬಲ್ಲವರೂ ಇರಬೇಕು ಅನ್ನೋದು ನಮ್ಮ ಬೇಡಿಕೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸಿಗೋ ಹೋದರೆ ಕನ್ನಡದಲ್ಲಿ ನೋಡ್ತಾರೆ, ನಿಜ. ಆದರೆ ಥೆರಪಿ ಒಂದು ದಿನದ ಕೆಲಸವಲ್ಲ. ವಾರ ವಾರ ಘಟ್ಟ ಹತ್ತಲು ದಿನಗೂಲಿಯವರಿಗೆ ಆಗ್ತದಾ?

ಕಾನೂನು ನಮ್ಮ ಜೊತೆಗಿದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಆಟಿಸಂ, ಕಲಿಕಾ ನ್ಯೂನತೆ, ಬೌದ್ಧಿಕ ಅಸಾಮರ್ಥ್ಯ, ಮಾನಸಿಕ ಕಾಯಿಲೆ ಎಲ್ಲವೂ ಅದರೊಳಗೆ ಬರ್ತವೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದೇ ಕಾಯ್ದೆಯ 17ನೇ ಸೆಕ್ಷನ್ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ಸಹಾಯ, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ, ಇವನ್ನು ಹೆಸರಿಸಿಯೇ ಹೇಳಿದೆ. ನಾಲ್ಕು ಭಾಷೆಗಳ ಭಾರ ಹೊರುವ ನಮ್ಮ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಆದರೆ ತಾನಾಗಿ ಮನೆಬಾಗಿಲಿಗೆ ಬರೋದಿಲ್ಲ, ಅರ್ಜಿ ಕೊಟ್ಟು ಕೇಳಬೇಕು.

ನಾವು ಮಾಡಬಹುದಾದ ಕೆಲಸ ಏನು? ತಪಾಸಣೆಗೆ ಹೋದಾಗ ಚೀಟಿಯಲ್ಲಿ ಮಗುವಿನ ಮನೆಮಾತು ಯಾವುದೆಂದು ಬರೆಸಿ. ಕನ್ನಡ ನೋಟ್‌ಪುಸ್ತಕ, ಕ್ಲಾಸ್ ಟೀಚರ್ ಬರೆದ ಒಂದು ಪುಟದ ವಿವರ ಜೊತೆಗಿರಲಿ. ಎರಡೂ ಭಾಷೆ ಬಲ್ಲ ಒಬ್ಬರು ಸಂಗಡ ಹೋಗಲಿ. ಅವರು ಪ್ರಶ್ನೆಯನ್ನಷ್ಟೇ ಮಗುವಿನ ಮಾತಿನಲ್ಲಿ ಹೇಳಬೇಕು. ಪಾಪ ಅಂತ ಉತ್ತರ ಹೇಳಿಕೊಡಬಾರದು ಮಾರಾಯ್ರೇ, ಅದರಿಂದ ನಷ್ಟ ಮಗುವಿಗೇ.

ದೊಡ್ಡ ಮಕ್ಕಳ ಮನಸ್ಸಿನ ಕಡೆಗೂ ಗಮನ ಇರಲಿ. ನಿದ್ದೆ ಬಿಟ್ಟ, ಶಾಲೆಗೆ ಹೋಗಲೊಲ್ಲದ, ಬದುಕೇ ಬೇಡ ಅನ್ನುವ ಮಗುವನ್ನು ಗದರಬೇಡಿ. 'ಜನ ಏನಂತಾರೆ' ಅಂತ ಬಚ್ಚಿಡಬೇಡಿ. 14416 ಟೆಲಿ ಮಾನಸ್ ಸಹಾಯವಾಣಿ ದಿನದ 24 ಗಂಟೆಯೂ ಉಚಿತ, ಅಲ್ಲಿ ಕನ್ನಡವೂ ಇದೆ.

ಬ್ಯಾಂಕಿನವರಾಗಿ ಕೊನೆಗೊಂದು ಮಾತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ ಇರುವ ಮಗುವಿಗೆ 18 ತುಂಬಿದ ಮೇಲೆ ಖಾತೆ ನಡೆಸಲು ಅಪ್ಪ ಅಮ್ಮನ ಸಹಿ ಸಾಕಾಗೋದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಸ್ಥಳೀಯ ಸಮಿತಿ ಕೊಡುವ ಪೋಷಕತ್ವದ ಪ್ರಮಾಣಪತ್ರವನ್ನು ಬ್ಯಾಂಕುಗಳು ಒಪ್ಪುತ್ತವೆ. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಸಿಗ್ತದೆ, ಥೆರಪಿಯೂ ಅದರಲ್ಲಿ ಸೇರಿದೆ.

ಹೊರಗೆ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇವೆ. ಮಲಯಾಳವೂ ನಮ್ಮ ಮನೆಮಾತುಗಳೂ ಬಲ್ಲವರು, ತಿಂಗಳಿಗೆ ಅರ್ಧ ದಿನ ಕೊಡಬಲ್ಲವರು ಹೆಸರು ಬರೆದು ಹೋಗಿ. ಮುಂದಿನ ತಪಾಸಣಾ ಶಿಬಿರಕ್ಕೆ ನಮ್ಮ ಒಂದು ಮಗುವೂ ಮಾತು ತಿಳಿದವರಿಲ್ಲದೆ ಹೋಗಬಾರದು.