ಲಂಡನ್ನಿನ ಪಕ್ಷ, ಮೀರತ್ತಿನ ಕಟಕಟೆ



1926ರ ಡಿಸೆಂಬರ್ ಕೊನೆಯಲ್ಲಿ ಇಪ್ಪತ್ತನಾಲ್ಕರ ಹರೆಯದ ಇಂಗ್ಲಿಷ್ ಯುವಕನೊಬ್ಬ ಮುಂಬಯಿಗೆ ಬಂದಿಳಿದ. ಹೆಸರು ಫಿಲಿಪ್ ಸ್ಪ್ರಾಟ್, ಕೇಂಬ್ರಿಜ್‌ನಲ್ಲಿ ಓದಿದವನು. ಪುಸ್ತಕ ವ್ಯಾಪಾರ ಎಂಬುದು ಹೊರಗಿನ ನೆಪ. ಅವನನ್ನು ಕಳಿಸಿದ್ದು ಬ್ರಿಟನ್ನಿನ ಕಮ್ಯುನಿಸ್ಟ್ ಪಕ್ಷ.

1920ರಲ್ಲಿ ಹುಟ್ಟಿದ ಆ ಪಕ್ಷ ತವರಿನಲ್ಲಿ ಎಂದೂ ದೊಡ್ಡದಾಗಲಿಲ್ಲ. ಆದರೆ ಭಾರತದ ಮೇಲೆ ಅದಕ್ಕೊಂದು ಕಣ್ಣಿತ್ತು. ಅದರ ಚಿಂತಕ ರಜನಿ ಪಾಮ್ ದತ್ತ್ ಬಂಗಾಳಿ ವೈದ್ಯರೊಬ್ಬರ ಮಗ. ಅದರ ಪರವಾಗಿ ಪಾರ್ಲಿಮೆಂಟಿನಲ್ಲಿ ಕೂತ ಶಾಪೂರ್ಜಿ ಸಕ್ಲತ್‌ವಾಲಾ, ಜಮ್ಶೇಟ್‌ಜಿ ಟಾಟಾ ಅವರ ಸೋದರಳಿಯ! ಆಳುವ ದೇಶದ ಪಕ್ಷವೇ ಆಳಿಸಿಕೊಳ್ಳುವವರ ಪರ ನಿಂತದ್ದು ಸರ್ಕಾರಕ್ಕೆ ನುಂಗಲಾರದ ತುತ್ತು.

ಸ್ಪ್ರಾಟ್‌ನ ಹಿಂದೆಯೇ ಕಾರ್ಮಿಕ ಸಂಘಟಕ ಬೆನ್ ಬ್ರ್ಯಾಡ್ಲಿ ಬಂದರು. ಇಲ್ಲಿ ಮುಜಫ್ಫರ್ ಅಹ್ಮದ್, ಡಾಂಗೆ, ನಮ್ಮ ಮಂಗಳೂರಿನ ಎಸ್. ವಿ. ಘಾಟೆ ಮುಂತಾದ ಕಮ್ಯುನಿಸ್ಟರು ಆಗಲೇ ಕೆಲಸಕ್ಕಿಳಿದಿದ್ದರು. 1928ರಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳು ತಿಂಗಳುಗಟ್ಟಲೆ ನಿಂತವು. ಕೂಲಿ ಕಡಿತ, ಕಡಿಮೆ ಆಳುಗಳಿಂದ ಹೆಚ್ಚು ಮಗ್ಗ ನಡೆಸುವ ಹೊಸ ಪದ್ಧತಿ, ಇವು ಕಾರಣ. ಲಂಡನ್ನಿನಿಂದ ಯಾರೂ ಬಾರದಿದ್ದರೂ ಆ ಸಿಟ್ಟು ಅಲ್ಲಿ ಇದ್ದೇ ಇತ್ತು. ಸರ್ಕಾರಕ್ಕೆ ಮಾತ್ರ ಕಂಡದ್ದು ಪರದೇಶದ ಕೈವಾಡ. ಬ್ರಿಟಿಷ್ ಕಮ್ಯುನಿಸ್ಟರನ್ನು ಗಡೀಪಾರು ಮಾಡಲೆಂದೇ ಸಾರ್ವಜನಿಕ ಸುರಕ್ಷತಾ ಮಸೂದೆ ತಂದಿತು. 1929ರ ಏಪ್ರಿಲ್ 8ರಂದು ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ದೆಹಲಿಯ ಶಾಸನಸಭೆಯಲ್ಲಿ ಬಾಂಬ್ ಎಸೆದಾಗ ಸಭಾಧ್ಯಕ್ಷ ವಿಠ್ಠಲಭಾಯಿ ಪಟೇಲರು ತೀರ್ಪು ಹೇಳಬೇಕಿದ್ದದ್ದು ಇದೇ ಮಸೂದೆಯ ಬಗ್ಗೆ.

ಅದಕ್ಕೂ ಮುನ್ನ, ಮಾರ್ಚ್ 20ರಂದು, ದೇಶದ ಉದ್ದಗಲಕ್ಕೂ ಬಂಧನಗಳಾದವು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಒಳಸಂಚಿನ ಆರೋಪ ಹೊತ್ತವರು ಸ್ಪ್ರಾಟ್, ಬ್ರ್ಯಾಡ್ಲಿ, ಮುಜಫ್ಫರ್ ಸೇರಿ 31 ಮಂದಿ. ಪತ್ರಕರ್ತ ಲೆಸ್ಟರ್ ಹಚಿನ್ಸನ್ ಆಮೇಲೆ ಸೇರಿದರು. ಮುಂಬಯಿ, ಕಲ್ಕತ್ತೆ ಬಿಟ್ಟು ಮೀರತ್ತಿನಲ್ಲಿ ಮೊಕದ್ದಮೆ ಏಕೆ? ಅಲ್ಲಿ ಜ್ಯೂರಿಯ ಕಾಟವಿರಲಿಲ್ಲ. 1927ರಲ್ಲಿ ಒಂದು ಕಿರುಹೊತ್ತಗೆಗಾಗಿ ಸ್ಪ್ರಾಟ್ ಮೇಲೆ ಹೂಡಿದ್ದ ರಾಜದ್ರೋಹದ ಕೇಸನ್ನು ಮುಂಬಯಿಯ ಜ್ಯೂರಿ ತಳ್ಳಿಹಾಕಿತ್ತು. ಸರ್ಕಾರ ಪಾಠ ಕಲಿತಿತ್ತು, ಆದರೆ ಅರ್ಧ ಮಾತ್ರ. ವಿಚಾರಣೆ ಸುಮಾರು ನಾಲ್ಕು ವರ್ಷ ಎಳೆಯಿತು. ಆರೋಪಿಗಳು ಕಟಕಟೆಯಲ್ಲಿ ನಿಂತು ಸಮಾಜವಾದದ ಉಪನ್ಯಾಸವನ್ನೇ ಕೊಟ್ಟರು, ಪತ್ರಿಕೆಗಳು ಅಚ್ಚು ಹಾಕಿದವು. ಪಕ್ಷ ತನ್ನ ದುಡ್ಡಿನಲ್ಲಿ ಇಂಥ ಪ್ರಚಾರ ಮಾಡಿಕೊಳ್ಳಲು ಸಾಧ್ಯವಿರಲಿಲ್ಲ. ಈ ಅವಧಿಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಲಂಡನ್ನಿನಲ್ಲಿದ್ದದ್ದು ಲೇಬರ್ ಸರ್ಕಾರ ಎಂಬುದನ್ನೂ ಹೇಳಲೇಬೇಕು.

1933ರ ಜನವರಿಯಲ್ಲಿ ತೀರ್ಪು: ಮುಜಫ್ಫರ್‌ಗೆ ಜೀವಾವಧಿ ಗಡೀಪಾರು, ಸ್ಪ್ರಾಟ್‌ಗೆ ಹನ್ನೆರಡು ವರ್ಷ. ಅಲಹಾಬಾದ್ ಹೈಕೋರ್ಟು ಅದೇ ವರ್ಷ ಶಿಕ್ಷೆಗಳನ್ನು ಬಹಳವಾಗಿ ಇಳಿಸಿತು.

ಇಷ್ಟಾಗಿ ಲಂಡನ್ನಿನ ಪಕ್ಷ ಸ್ವತಂತ್ರವಾಗಿತ್ತೇ? ಇಲ್ಲ. ಅದರ ದಾರಿಯನ್ನು ಮಾಸ್ಕೋದಲ್ಲಿದ್ದ ಕಮ್ಯುನಿಸ್ಟ್ ಪಕ್ಷಗಳ ಅಂತರರಾಷ್ಟ್ರೀಯ ಸಂಘಟನೆ ಕಾಮಿಂಟರ್ನ್ ತೀರ್ಮಾನಿಸುತ್ತಿತ್ತು. 1928ರಲ್ಲಿ ರಾಷ್ಟ್ರೀಯವಾದಿಗಳಿಂದ ದೂರವಿರಿ ಎಂಬ ಧೋರಣೆ. 1936ರಲ್ಲಿ ದತ್ತ್ ಮತ್ತು ಬ್ರ್ಯಾಡ್ಲಿ ಬರೆದ ಪ್ರಬಂಧದಲ್ಲಿ ಕಾಂಗ್ರೆಸ್ಸಿನೊಂದಿಗೆ ಕೂಡಿ ಎಂಬ ಸಲಹೆ. ಎರಡು ಬಾರಿಯೂ ದಿಕ್ಕು ಬದಲಿಸಬೇಕಾದವರು ಇಲ್ಲಿ ಲಾಠಿ ತಿನ್ನುತ್ತಿದ್ದವರು. ನನ್ನ ಮಟ್ಟಿಗೆ ಈ ನಂಟಿನ ದೊಡ್ಡ ಕೊರತೆ ಇದೇ.

ಸ್ಪ್ರಾಟ್ ಭಾರತದಲ್ಲೇ ಉಳಿದ, ಸೀತಾ ಎಂಬವರನ್ನು ಮದುವೆಯಾದ, ಬೆಂಗಳೂರಿಗೆ ಬಂದು ‘ಮೈಸಿಂಡಿಯಾ’ ವಾರಪತ್ರಿಕೆಯ ಸಂಪಾದಕನಾದ. ಅಷ್ಟರಲ್ಲಿ ಕಮ್ಯುನಿಸಂನ ಕಟು ಟೀಕಾಕಾರನಾಗಿದ್ದ. ಮುಂದೆ ಮದರಾಸಿನಲ್ಲಿ, ರಾಜಾಜಿಯವರ ವಿಚಾರಗಳಿಗೆ ವೇದಿಕೆಯಾಗಿದ್ದ ‘ಸ್ವರಾಜ್ಯ’ ಪತ್ರಿಕೆಯಲ್ಲಿ ದುಡಿದು, 1971ರಲ್ಲಿ ತೀರಿಕೊಂಡ.